ಹದಿನಾಲ್ಕು ಅಡಿ

ಕೈಗಡಿಯಾರದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ;
ರೆಜಿನಮ್ಮನ ಬಲಗಣ್ಣು ಈಗಲೂ
ಭೂತಗನ್ನಡಿ ಸಿಕ್ಕಿಸಿಕೊಂಡ ಹಾಗೆ ಕಿರಿದಾಗುತ್ತದೆ
ಅಕ್ಕಿ ಆರಿಸುವಾಗ, ಚಿಲ್ಲರೆ ಎಣಿಸುವಾಗ.

ಪೊರೆ ತೆಗೆಸಿದ ದಿನ ನಿದ್ದೆಯೂ
ಅದರ ಜೊತೆಗೇ ಹೋಯಿತು ಎನ್ನುತ್ತಾಳೆ.
ಜಾಲಹಳ್ಳಿಯಲ್ಲಿ ರಾತ್ರಿ ಎರಡು ಗಂಟೆ,
ಗೂಡ್ಸ್ ರೈಲು ದಾಟಿ, ನಾಯಿಗಳೂ ಸುಸ್ತಾದ ಮೇಲೆ
ಹಿತ್ತಲ ಹೊಂಗೆಯಲ್ಲಿ, ಕಂಬದ ದೀಪ ತಾಗಿ,
ಎರಡು ಕೆಂಡ.

ಕಾಡುಪಾಪ.
ಮೊದಲ ಸಲ ಕಂಡಾಗ ಶಿಲುಬೆಯ ಗುರುತು ಹಾಕಿಕೊಂಡಳಂತೆ.
ಆಮೇಲೆ ಗಣತಿಗೆ ಬಂದ ಕಾಲೇಜು ಹುಡುಗಿ
ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಟ್ಟಳು:
"ಬಿಳಿ ಬೆಳಕು ಬಿಟ್ಟರೆ ಅದಕ್ಕೆ ಕಣ್ಣು ನೋಯುತ್ತೆ ಅಜ್ಜಿ."
"ನನಗೂ ಅಷ್ಟೇ ಕಣಮ್ಮ."

ಅದರ ನಡಿಗೆ ನೋಡಬೇಕು ನೀವು:
ಒಂದು ಕೈ ಬಿಟ್ಟು, ಇನ್ನೊಂದು ಹಿಡಿದು, ಯೋಚಿಸಿ,
ಥೇಟ್ ಮೆಟ್ಟಿಲಿಳಿಯುವ ರೆಜಿನಮ್ಮ.
ಸೆಕೆಂಡಿನ ಮುಳ್ಳಿಲ್ಲ ಅದಕ್ಕೆ, ಎನ್ನುತ್ತಾಳೆ.

ಹೋದ ತಿಂಗಳು ಕರೆಂಟಿನವರು ಬಂದು
ತಂತಿಗೆ ತಾಗುತ್ತದೆಂದು ಹೊಂಗೆಯ ಅರ್ಧ ಕಡಿದರು.
ಮಾವಿಗೂ ಅದಕ್ಕೂ ನಡುವೆ
ಹದಿನಾಲ್ಕು ಅಡಿ ಬರೀ ಗಾಳಿ.
ನಾಲ್ಕು ರಾತ್ರಿ ಕೆಂಡ ಕಾಣಲಿಲ್ಲ.
ಔಷಧದ ಹನಿ ಕೆನ್ನೆಗೆ ಬಿದ್ದಿತು, ಕಣ್ಣಿಗಲ್ಲ.

ಐದನೆಯ ದಿನ ನನ್ನ ಬಾಗಿಲು ತಟ್ಟಿ
"ಏಣಿ ತಾ" ಎಂದಳು. ಹತ್ತಿದವನು ನಾನು,
ಕೆಳಗೆ ನಿಂತು ಬೈದವಳು ಅವಳು:
ಇನ್ನೂ ಬಿಗಿ, ಇನ್ನೂ, ಒಂದು ಕೂದಲೆಳೆಯಷ್ಟು.

ಈಗ ಅವಳ ಸೀರೆ, ಲಂಗ, ದಿಂಬಿನ ಕವರು
ನಮ್ಮ ಕಾಂಪೌಂಡಿನ ಮೇಲೆ ಒಣಗುತ್ತವೆ.
ನನ್ನ ಹೆಂಡತಿ ಗೊಣಗುತ್ತಾಳೆ.
ಬಟ್ಟೆ ಹಾಕುತ್ತಿದ್ದ ನಾರಿನ ಹಗ್ಗ ಮಾತ್ರ
ಮಾವಿನಿಂದ ಹೊಂಗೆಗೆ ಖಾಲಿ.

ಬಂತಾ ಎಂದು ನಾನು ಕೇಳುವುದಿಲ್ಲ.
ನಿನ್ನೆ ಅದರ ಮೇಲೆ ಹಳೆಯ ಕ್ಲಿಪ್ಪೊಂದು ಉಳಿದಿತ್ತು;
ತೆಗೆದುಬಿಡು, ಎಂದಳು,
ಕೈಗೆ ಚುಚ್ಚೀತು.