ಪಗುಮೆಯ ಆರನೆಯ ದಿನ

ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು.
ಹನ್ನೆರಡಕ್ಕೆ ಮೂವತ್ತು ಮೂವತ್ತು ದಿನ,
ಕಡೆಗುಳಿದ ಪಗುಮೆಗೆ ಬರೀ ಐದು,
ತೂಕ ಮುಗಿದ ಮೇಲೆ ಅಂಗಡಿಯವನು
ಕೊಸರು ಹಾಕಿದ ಹಾಗೆ.

ಆಸ್ಪತ್ರೆಯ ಪೊಟ್ಟಣಕ್ಕೆ ಕೊಸರು ಗೊತ್ತಿಲ್ಲ.
ಮೂವತ್ತು ಗುಳಿಗೆ, ರಾತ್ರಿಗೊಂದು,
ಹೊತ್ತು ಮುಳುಗಿ ಎರಡು ತಾಸಿಗೆ.
ಅದು ನಮ್ಮ ಲೆಕ್ಕದಲ್ಲಿ ಎರಡು ಗಂಟೆ.
ಹೊರದೇಶದಿಂದ ಬಂದ ಡಾಕ್ಟರು ಎಂಟು ಅಂದಿದ್ದರು;
ಪಾಪ, ಅವರ ಎಂಟು ಬೇರೆ.
ನಮ್ಮ ಎಂಟು ಬರುವ ತನಕ
ಒಲೆಯ ಬೂದಿ ಕೆದಕುತ್ತ ಕೂತಿದ್ದೆ,
ಗುಳಿಗೆ ಬೆವರಿಗೆ ಕರಗತೊಡಗಿತ್ತು ಅಂಗೈಯಲ್ಲಿ.

ನನ್ನ ಮೂರ್ಛೆಯನ್ನು ನಾನು ಕಂಡಿಲ್ಲ.
ಕಂಡವರು ಹೇಳಿದಷ್ಟೇ ನನ್ನ ಪಾಲು:
ಕಣ್ಣು ಮೇಲಾಯಿತಂತೆ, ಬಾಯಲ್ಲಿ ನೊರೆ,
ಯಾರೋ ಬೆಂಕಿಕಡ್ಡಿ ಗೀರಿ
ಹೊಗೆ ಮೂಗಿಗೆ ಹಿಡಿದರಂತೆ,
ಅಂಟೀತೆಂದು ಯಾರೂ ಮುಟ್ಟಲಿಲ್ಲವಂತೆ.
ನನಗೆ ಗೊತ್ತಿರುವುದು ಗಂಧಕದ ಘಾಟು,
ಕಚ್ಚಿಕೊಂಡ ನಾಲಿಗೆಯ ಉಪ್ಪು,
ಮತ್ತೆ ಈ ಎಡಗೈ.
ಇಂಜೆರಾ ಬೇಯುವ ಹಂಚಿನ ಮೇಲೆ
ಎಷ್ಟು ಹೊತ್ತು ಇತ್ತೋ.
ಹಿಟ್ಟಿಗೆ ಹಂಚು ಕಾಯಿಸಿದ್ದವಳು ನಾನೇ.

ಅದೂ ಒಂದು ಪಗುಮೆ.
ಆ ಐದು ದಿನ ಬಿದ್ದ ಮಳೆಯೆಲ್ಲ ತೀರ್ಥ;
ಊರಿಗೆ ಊರೇ ಹೊಳೆಗಿಳಿಯುತ್ತದೆ.
ಅಬ್ಬಾ ಕಿನ್ಫೆ ಶಿಲುಬೆ ಹಣೆಗೊತ್ತಿ
ನೀರು ಸಾಕು ಮಗಳೇ ಅಂದರು.
ಪೊಟ್ಟಣವೂ ಬರಿದಾಗಿತ್ತು.
ಹನ್ನೊಂದು ತಿಂಗಳು ಬಿದ್ದಿರಲಿಲ್ಲ ನಾನು,
ವಾಸಿಯಾದವಳಿಗೆ ಮದ್ದೇಕೆ?
ಮೂರನೆಯ ದಿನ ಹಂಚು ಉತ್ತರ ಕೊಟ್ಟಿತು.

ನರ್ಸ್ ಅಸೆಲೆಫೆಚ್ ಬೈಯಲಿಲ್ಲ.
ಪಟ್ಟಿ ಕಟ್ಟುತ್ತ ಕೇಳಿದಳು:
ನಿಮ್ಮ ಜೋಳದ ಹೊಲಕ್ಕೆ ಕೋತಿ ಬರುತ್ತವಾ?
ಬರುತ್ತವೆ.
ಕಾಯಲು ಹುಡುಗನಿದ್ದಾನಾ?
ಇದ್ದಾನೆ.
ಕೋತಿ ಬರಲಿಲ್ಲವೆಂದು ಹುಡುಗನನ್ನು
ಮನೆಗೆ ಕಳಿಸುತ್ತೀಯಾ?
ಅವನು ಇದ್ದ ಕಾರಣಕ್ಕೇ ಬರಲಿಲ್ಲ ಜೆಮೆನಾಯ್.

ಆಮೇಲೆ ಮೆಲ್ಲಗೆ,
ನಿನ್ನೆ ಮರೆತೆಯೆಂದು ಇವತ್ತು ಎರಡು ನುಂಗಬೇಡ,
ನಿನ್ನೆಯ ಹೊಲವನ್ನು ಇವತ್ತು ಕಾಯಲಾಗದು.
ಹಬ್ಬದ ಟೆಲ್ಲಾ ಬೇರೆಯವರು ಕುಡಿಯಲಿ.
ಮಗು ಬೇಕೆನಿಸಿದರೆ ಮೊದಲು ನನ್ನಲ್ಲಿಗೆ ಬಾ,
ಗುಳಿಗೆ ಬಿಟ್ಟು ಬರಬೇಡ,
ತಗೊಳ್ಳುತ್ತಲೇ ಬಾ.
ಕಡೆಯ ಮಾತಿಗೆ ನನಗೆ ನಾಚಿಕೆಯಾಯಿತು.
ಅಂಥದ್ದೊಂದು ನನಗೂ ಬೇಕೆನಿಸಬಹುದು ಎಂದು
ಯಾರೂ ಅಂದಿರಲಿಲ್ಲ ಅಲ್ಲಿಯವರೆಗೆ.

ಈಗ ಹಂಚಿನ ಮುಂದೆ ತಂಗಿ ತಿರುಂಗೋ.
ನಾನು ಹಿಟ್ಟು ಕಲಸುತ್ತೇನೆ, ದೂರ ಕೂತು.
ಈ ಸಲ ವರ್ಷದ ಕೊನೆಗೆ ನರ್ಸ್
ಮೂವತ್ತರ ಮೇಲೆ ಐದು ಎಣಿಸಿ ಕೊಟ್ಟಳು,
ಕೊಸರಿಗೆ ಕೊಸರು.

ನಿನ್ನೆ ಬಾವಿಯ ಬಳಿ ಅಬ್ಬಾ ಕಿನ್ಫೆ ಸಿಕ್ಕರು.
ನನ್ನ ಕೈ ನೋಡಿದರೆ ಅವರು
ಈಗಲೂ ಬೇರೆತ್ತಲೋ ನೋಡುತ್ತಾರೆ.
ನಿನ್ನೆ ಮಾತ್ರ ನಿಂತರು, ಗಂಟಲು ಸರಿಮಾಡಿಕೊಂಡರು:
ಇದು ಲೂಕನ ವರ್ಷ.
ಗೊತ್ತಲ್ಲ, ನಾಲ್ಕು ವರ್ಷಕ್ಕೊಮ್ಮೆ
ಪಗುಮೆಗೆ ಆರು ದಿನ.
ನಿನ್ನ ಹತ್ತಿರ ಎಷ್ಟಿವೆ?

ಮನೆಗೆ ಓಡಿ ಎಣಿಸಿದೆ.
ಮತ್ತೆ ಎಣಿಸಿದೆ.

ಇವತ್ತು ಮೂರು ತಾಸಿನ ದಾರಿ, ಕೆಸರು.
ಒಬ್ಬಳೇ ಹೊಳೆ ದಾಟಬಾರದೆಂದು ತಿರುಂಗೋ ಜೊತೆಗೆ,
ಹೆಜ್ಜೆಗೊಮ್ಮೆ ಗೊಣಗುತ್ತ:
ಒಂದು ಗುಳಿಗೆಗೆ, ಒಂದೇ ಒಂದಕ್ಕೆ!
ದಿಬ್ಬದ ಮೇಲೆ ಹಳದಿ ಹೂ ಬಿಡತೊಡಗಿವೆ.
ಹೊಳೆಯ ನಡುವೆ ಮಳೆ ಹಿಡಿಯಿತು.
ತೀರ್ಥವಲ್ಲವೇ, ತಲೆಯೊಡ್ಡಿ ನಿಂತೆ,
ತಂಗಿ ಗಟ್ಟಿಯಾಗಿ ನನ್ನ ಕೈ ಹಿಡಿದಿದ್ದಳು,
ಸುಟ್ಟದ್ದನ್ನೇ.