ಮುಯ್ಯಾಳು

ಸುಂಟಿಕೊಪ್ಪ ದಾಟಿ ಕುಶಾಲನಗರದ ಕಡೆ ಇಳಿಯುವಲ್ಲಿ
ಅಯ್ಯಣ್ಣನವರ ವೇಬ್ರಿಡ್ಜ್. ರಾತ್ರಿ ಪಾಳಿ ನನ್ನದು.
ಜನವರಿ. ರೊಬಸ್ಟಾ ಕುಯ್ಲು.
ಲಾರಿ ಬಂದರೆ ಸಾಲುಗಟ್ಟಿ ಬರುತ್ತವೆ,
ಇಲ್ಲವಾದರೆ ಗಂಟೆಗಟ್ಟಲೆ ಇಲ್ಲ.

ತೂಕ ಬರೆದುಕೊಳ್ಳುವುದಕ್ಕೆ ಈ ಕಂಪ್ಯೂಟರಿಗೆ
ಕಿರುಬೆರಳು ಸಾಕು.
ಮಿಕ್ಕ ಮೈಯೆಲ್ಲ ಸುಮ್ಮನೆ ಕೂತಿರುತ್ತದೆ,
ಆಷಾಢದ ಕಲ್ಯಾಣ ಮಂಟಪದ ಹಾಗೆ.
ಅದಕ್ಕೇ ಮೂರು ಕಡೆ ಕೆಲಸಕ್ಕೆ ಕಳಿಸಿದ್ದೆ.

ಒಂದು ಕಡೆ ಪ್ರೋಟೀನು ಮಡಚುವುದು:
ಒಂದೇ ದಾರ, ಎಷ್ಟು ಥರ ಸುರುಳಿ ಸುತ್ತೀತು,
ಯಾವ ಸುತ್ತು ತಪ್ಪಿದರೆ ಯಾರ ಮೈಗೆ ಕೇಡು.
ಇನ್ನೊಂದು ಕಡೆ ಆಕಾಶದ ಗದ್ದಲ ಕೇರುವುದು,
ಅದರೊಳಗೆ ತಾಳ ತಪ್ಪದೆ ಬಡಿಯುವ
ಸತ್ತ ನಕ್ಷತ್ರ ಒಂದಾದರೂ ಉಂಟೋ ಎಂದು.
ಮೂರನೆಯದು ಅವಿಭಾಜ್ಯ ಸಂಖ್ಯೆ. ಎಷ್ಟು ಉದ್ದ ಎಂದರೆ
ಬರೆಯಲು ಕೂತರೆ ಬಿಲ್ ಪುಸ್ತಕಗಳು ಮುಗಿದಾವು.
ಯಾರಿಗೆ ಬೇಕು ಅದು, ನನಗೂ ಗೊತ್ತಿಲ್ಲ.
ಯಾರ ಪಾಲಿಗೂ ಸಮನಾಗಿ ಒಡೆಯದ ಅದರ ಹಟ
ನನಗೆ ಇಷ್ಟ.

ಐವತ್ತು, ಮೂವತ್ತು, ಇಪ್ಪತ್ತು. ಪಾಲು ಬರೆದಿಟ್ಟವಳು ನಾನೇ.
ಆದರೆ ಯಂತ್ರ ಇವತ್ತಿನ ಪಾಲು ಇವತ್ತೇ ಬಡಿಸುವುದಿಲ್ಲ.
ಈ ರಾತ್ರಿ ಹೆಚ್ಚು ಉಂಡವರು ನಾಳೆ ಹಸಿದಿರಬೇಕು,
ಯಾರದು ಯಾರಿಗೆ ಬಾಕಿ ಎಂದು ಒಳಗೊಳಗೇ ಗೀಚಿಕೊಳ್ಳುತ್ತದೆ,
ಗಂಟೆಗೊಮ್ಮೆ ಒಬ್ಬರನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸುತ್ತದೆ.
ಕರೆಂಟು ಹೋದರೆ, ಹೋಗುತ್ತದೆ,
ಕೊನೆಗೆ ಗುರುತು ಹಾಕಿದ ಜಾಗದಿಂದ ಮತ್ತೆ ಶುರು.
ಕರೆಂಟಿನ ಲೆಕ್ಕಕ್ಕೆ ಸಂಬಳದಲ್ಲಿ ಇನ್ನೂರು ಹಿಡಿಯುತ್ತಾರೆ ಅಯ್ಯಣ್ಣ.
ನ್ಯಾಯವೇ.

ಮೊಯ್ದು ಚೀಟಿಗೆ ಕಾಯುತ್ತ ಕೇಳಿದ,
‘ಏನು ಜಸಿಂತಕ್ಕ, ಲಾರಿ ಇಲ್ಲದಾಗಲೂ ಇದು
ಘಾಟಿ ಹತ್ತಿದ ಹಾಗೆ ಏದುಸಿರು ಬಿಡ್ತದಲ್ಲ?’
ಹೇಳಿದೆ.
‘ಕೂಲಿ ಎಷ್ಟು?’
‘ಕೂಲಿ ಇಲ್ಲ. ಅಂಕ ಕೊಡ್ತಾರೆ.’
‘ಅಂಕಕ್ಕೆ ಡೀಸೆಲ್ ಹಾಕ್ತಾರಾ?’
ಟಾರ್ಪಾಲಿನ ಹಗ್ಗ ಬಿಗಿದು ವಾಪಸು ಬಂದ.
‘ಹಾಗಾದ್ರೆ ಮುಯ್ಯಾಳು ಅನ್ನಿ.
ಇವತ್ತು ನಾವು ಅವರ ಗದ್ದೆಗೆ, ನಾಳೆ ಅವರು ನಮ್ಮದಕ್ಕೆ.’
ಅವರು ಅಂದರೆ ಯಾರು ಎಂದು ಅವನೂ ಕೇಳಲಿಲ್ಲ,
ನಾನೂ ಹೇಳಲಿಲ್ಲ.
ಅಲ್ಲಿಯ ಪಟ್ಟಿಯಲ್ಲಿ ನನ್ನ ಹೆಸರೂ ಇಲ್ಲ,
ಇರುವುದು ‘ಸುಂಟಿಕೊಪ್ಪ ವೇಬ್ರಿಡ್ಜ್’.

ಗುಡ್ಡ ಜಾರಿದ ವರ್ಷ ನಾಲ್ಕನೆಯದನ್ನು ಸೇರಿಸಿದೆ.
ಮೋಡ, ಗಾಳಿ, ಕಡಲಿನ ಬಿಸಿ;
ಐವತ್ತು ವರ್ಷ ಮುಂದಿನ ಮಳೆಯನ್ನು
ಈಗಲೇ ಹನಿ ಹನಿ ಸುರಿಸಿ ನೋಡುವ ಕೆಲಸ.
ಮೊಯ್ದುವಿನ ಅಕ್ಕನ ಮನೆ ಹೋದದ್ದು ಆಗ,
ಅಡಿಗೆ ಕೋಣೆ ಮಾತ್ರ ನಿಂತಿತ್ತು, ಒಲೆಯ ಮೇಲೆ ಪಾತ್ರೆ.
ಅದನ್ನು ನೋಡಿ ಬಂದ ರಾತ್ರಿಯೇ ಸೇರಿಸಿದ್ದು.

ಮಳೆಯ ಕೆಲಸ ಬಕಾಸುರ.
ಒಂದೊಂದು ಗಂಟಿಗೆ ಮುನ್ನೂರು ಗಂಟೆ.
ಉಳಿದವರ ಗಡುವು ಒಂದೊಂದಾಗಿ ತಪ್ಪಿತು,
ನಾಲ್ಕು ದಿನ ಮಡಚಿದ ಪ್ರೋಟೀನು ತಡವಾಯಿತೆಂದು ಹಿಂದಕ್ಕೆ,
ಅಷ್ಟರಲ್ಲಿ ಬೇರೆ ಯಾರೋ ಮುಗಿಸಿಯಾಗಿತ್ತು.
ಒಂದು ಸಲ ಮೂವರೂ ಒಟ್ಟಿಗೆ ಗಾಬರಿಬಿದ್ದು
ಚೀಟಿ ಮುದ್ರಿಸುವ ಕಿರುಬೆರಳನ್ನೂ ಎಳೆದುಕೊಂಡರು.
ಹೊರಗೆ ಆರು ಲಾರಿ, ಹಾರನ್ನು, ಅಯ್ಯಣ್ಣನ ಫೋನು.

ಒಬ್ಬರನ್ನು ಬಿಡಲೇಬೇಕಿತ್ತು.
ರೋಗವನ್ನು ಹೇಗೆ ಬಿಡಲಿ? ಮಳೆಯನ್ನು ಹೇಗೆ?
ಸಂಖ್ಯೆ ಬಿಡಬಹುದಿತ್ತು. ಬಿಡಲಿಲ್ಲ.
ಕಾರಣ ಕೇಳಬೇಡಿ.
ನಕ್ಷತ್ರದ ಎದುರು ಒತ್ತಿದೆ:
‘ಹೊಸ ಕೆಲಸ ಬೇಡ, ಕೈಯಲ್ಲಿರುವುದು ಮುಗಿಸು.’

ಮೊನ್ನೆ ಮೂರೂ ನಲವತ್ತಕ್ಕೆ ಮುಗಿಯಿತು.
ಕೊನೆಯ ತುಣುಕು, ಕೇರಿ ನೋಡಿದ್ದಾಯಿತು,
ಜೊಳ್ಳೋ ಕಾಳೋ ಅಲ್ಲಿಯವರೇ ಹೇಳಬೇಕು.
ಸಾಲು ಅಳಿಸಿಹೋಯಿತು.
ತಲೆಯೆತ್ತಿದರೆ ತೂಕದ ಕೆಂಪು ಅಂಕಿ
ಸೊನ್ನೆ ತೋರಿಸುತ್ತಿಲ್ಲ. ಇಪ್ಪತ್ತು ಕೆಜಿ.

ಲಾರಿ ಇಲ್ಲ. ಕಿಟಕಿ ಸರಿಸಿದೆ.
ಹಲಗೆಯ ನಡುವೆ ಇಬ್ಬನಿಯಲ್ಲಿ ಮುದುಡಿಕೊಂಡು
ಪೆಟ್ರೋಲ್ ಬಂಕಿನ ಕುಂಟು ನಾಯಿ.
ಅದು ಮಲಗಿರುವಾಗ ಸೊನ್ನೆ ಒತ್ತಿದರೆ
ನಾಯಿ ಇಲ್ಲವೆಂದೇ ಲೆಕ್ಕ;
ಆಮೇಲೆ ಬರುವ ಎಲ್ಲರಿಗೂ ಇಪ್ಪತ್ತು ಕೆಜಿ ಕಡಿಮೆ.

ಒತ್ತಲಿಲ್ಲ. ಓಡಿಸಲೂ ಇಲ್ಲ.
ಪ್ರೋಟೀನಿನ ಸರದಿ ಬಂದು ಫ್ಯಾನು ಸದ್ದು ಬದಲಿಸಿತು.