ಇಪ್ಪತ್ಮೂರನೇ ನಿಮಿಷ

ಡೂಂ ಲೈಟ್ ಸರ್ಕಲ್ಲಿನ ಹಿಂದೆ, ಟೈರ್ ಅಂಗಡಿಯ ಮೇಲೆ,
ಗುರುವಾರ ಸಂಜೆ ನಾವು ಐದು ಜನ.
ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ
ಮಂಡಿಯಿಂದ ಹೊರಟ ಟೊಮೇಟೊ ಲಾರಿಗಳ ಹಾರ್ನು.
ಫಿಲೋಮಿನಾ ಮೇಡಂ ಲ್ಯಾಪ್‌ಟಾಪಿಗೆ ಹಳೇ ಸ್ಪೀಕರ್ ಸಿಕ್ಕಿಸಿ
"ಇವತ್ತು ಯಾರ ಸರದಿ?" ಎನ್ನುತ್ತಾರೆ.
ಎಲ್ಲರೂ ನೆಲ ನೋಡುತ್ತೇವೆ,
ಮಗ್ಗಿ ಬಾರದ ಮಕ್ಕಳ ಹಾಗೆ.

ನನ್ನದೇ.

ಅವಳ ಹೆಸರು ಇಲ್ಲಿ ಹೇಳುವುದಿಲ್ಲ.
ಸಹಿ ಹಾಕಿ ಒಪ್ಪಿದ ವಿಡಿಯೊ. ಕಾಗದದ ಮೇಲೆ ಅವಳು 'ಬಿ', ನಾಲ್ಕನೇ ಭೇಟಿ.
ಒಟ್ಟು ಹದಿನಾರು. ಕೊನೆಯ ತಾರೀಖನ್ನು ಮೊದಲ ದಿನವೇ
ಇಬ್ಬರೂ ಕೂಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆವು.
"ಬಾಡಿಗೆ ಮನೆ ಥರ," ಅಂದಿದ್ದಳು, "ಮೊಳೆ ಹೊಡೆಯೋಕೂ ಭಯ."

ಪರದೆಯ ಮೇಲೆ ಹೇಳುತ್ತಿದ್ದಾಳೆ:
ಅಕ್ಕ ಸತ್ತ ಮೇಲೆ ಅಕ್ಕನ ಗಂಡನಿಗೇ ತನ್ನನ್ನು ಕೊಟ್ಟದ್ದು,
ಅಕ್ಕನ ಸೀರೆಗಳಿಗೆ ಹೊಸ ಫಾಲ್ಸ್ ಹೊಲಿದು ಉಟ್ಟದ್ದು,
ಮಗು ತನ್ನನ್ನು ಪಿನ್ನಿ ಅನ್ನುವುದು ಬಿಟ್ಟು
ಅಮ್ಮ ಅನ್ನಲು ಏಟು ತಿಂದು ಕಲಿತದ್ದು.
"ಅಪ್ಪನ ಮೇಲೆ ಕೋಪ?" ಎಂದು ಪರದೆಯೊಳಗಿನ ನಾನು.
"ಅಯ್ಯೋ, ಕೋಪ ಎಲ್ಲಿಂದ ಬರಬೇಕು ಮೇಡಂ. ಪಾಪ, ಅವರು."
ಮಡಿಲಲ್ಲಿ ಅವಳ ಬಲಗೈ
ಕರವಸ್ತ್ರದ ಕತ್ತು ಹಿಚುಕುತ್ತಿದೆ.

ಆಗ ನಾನು, ನೋಡಿ,
ಎದ್ದು ಅವಳಿಗೆ ಒಂದು ಲೋಟ ನೀರು ಕೊಡುತ್ತೇನೆ.

ಮೇಡಂ ನಿಲ್ಲಿಸಿದರು.
ಇಪ್ಪತ್ಮೂರನೇ ನಿಮಿಷ. ಚಾಚಿದ ಹಾಗೇ ನಿಂತ ನನ್ನ ತೋಳು,
ಲೋಟದಲ್ಲಿ ವಾಲಿ ನಿಂತ ನೀರು.
"ಬಾಯಾರಿದ್ದು ಯಾರಿಗೆ?"

ಪುಸ್ತಕದ ಉತ್ತರ ಕೊಟ್ಟೆ. ರಕ್ಷಣೆ, ಆತಂಕ, ಅಡಗಿದ ಭಾವ,
ಮೂರು ಮೂಲೆಯ ಚಿತ್ರವನ್ನು ಬೋರ್ಡಿನ ಮೇಲೆ ಬರೆದೂ ತೋರಿಸಿದೆ.
"ಚಿತ್ರ ಚೆನ್ನಾಗಿದೆ," ಎಂದರು. "ಬಾಯಾರಿದ್ದು ಯಾರಿಗೆ?"

ಹನ್ನೆರಡು ದಿನಕ್ಕೊಮ್ಮೆ ನಲ್ಲಿ ಬರುವ ಗಲ್‌ಪೇಟೆಯ ಮನೆ.
ಅಪ್ಪ ತಟ್ಟೆ ಎತ್ತಿ ಗೋಡೆಗೆ ಎಸೆದಾಗ
ಅಮ್ಮ ನನ್ನ ಕಡೆ ತಿರುಗಿ "ಹೋಗು, ನೀರು ತಾ" ಎನ್ನುತ್ತಿದ್ದಳು,
ಹಂಡೆಯ ತಳ ಕಾಣುತ್ತಿದ್ದರೂ ಸರಿ.
ಸಿಟ್ಟಿಗೆ ಆ ಮನೆಯಲ್ಲಿ ಇದ್ದದ್ದು ಅದೊಂದೇ ಮದ್ದು.
ತರುವವಳು ನಾನು, ಏಳು ವರ್ಷ.
ತುಳುಕಿಸದೆ ನಡೆಯುವುದರಲ್ಲಿ
ನನ್ನಷ್ಟು ಜಾಣೆ ಬೀದಿಯಲ್ಲೇ ಇರಲಿಲ್ಲ.

ಇದನ್ನೆಲ್ಲ ಹೇಳಿದೆನೋ, ಅರ್ಧ ಹೇಳಿದೆನೋ.
ಕೋಣೆಯಲ್ಲಿ ಯಾರೂ ನನಗೆ ನೀರು ಕೊಡಲಿಲ್ಲ.
ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು.

ನಮ್ಮ ತಂಡದ ಚೊಕ್ಕರೆಡ್ಡಿ ಸಮಾಧಾನಕ್ಕೆ ಅಂದ:
"ಎಲ್ಲರೊಳಗೂ ಒಂದು ಚಿನ್ನದ ಗಣಿ ಇರುತ್ತೆ, ಅಗೀಬೇಕು ಅಷ್ಟೇ."
ಮೇಡಂ ಕೆಜಿಎಫ್‌ನವರು. ಕನ್ನಡಕ ತೆಗೆದು ಒರೆಸಿದರು.
"ನಮ್ಮಪ್ಪ ಇಪ್ಪತ್ತಾರು ವರ್ಷ ಒಳಗೆ ಇಳಿದರು.
ಮನೆಗೆ ತಂದದ್ದು ಕೆಮ್ಮು.
ಆಳದ ಮಾತು ಬೇಡ ಕಣಪ್ಪ. ಆ ಕೈ ನೋಡು. ಕರವಸ್ತ್ರ ನೋಡು."

ಐದನೇ ಭೇಟಿ. ಲೋಟವನ್ನು ಮೊದಲೇ ಅವಳ ಪಕ್ಕದ ಸ್ಟೂಲಿನ ಮೇಲಿಟ್ಟೆ,
ಬೇಕಾದರೆ ಅವಳೇ ಎತ್ತಿಕೊಳ್ಳಲಿ.
"ಪಾಪ ಅನ್ನುವಾಗ ನಿಮ್ಮ ಕೈ ಏನು ಮಾಡ್ತಿದೆ?"
ನೋಡಿಕೊಂಡಳು, ಬೇರೆ ಯಾರದೋ ಕೈ ಎಂಬಂತೆ.
ಕನ್ನಡದಲ್ಲಿ ಶುರುವಾದದ್ದು ತೆಲುಗಿಗೆ ಹೊರಳಿತು,
ಮನೆಯೊಳಗಿನ ಭಾಷೆಗೆ.
ಬೈದಳು. ಅಪ್ಪನನ್ನು. ಆಮೇಲೆ, ದನಿ ಇಳಿಸಿ, ಸತ್ತ ಅಕ್ಕನನ್ನು.
ಆಮೇಲೆ ಅತ್ತಳು, ಅಕ್ಕನಿಗಾಗಿ, ಮೊದಲ ಸಲ.
ನನ್ನ ಎರಡೂ ಕೈ ತೊಡೆಯ ಕೆಳಗೆ. ಅದುಮಿ ಕೂತಿದ್ದೆ.

ಹದಿನಾರನೆಯದು.
"ನೀವೂ ಬಿಟ್ಟು ಹೋಗ್ತೀರಲ್ಲ. ತಾರೀಖು ಹಾಕಿಟ್ಟು ಬಿಡೋರು ನೀವು."
ಹೌದು ಎಂದೆ. ಮುಂದೆ ಏನೋ ಹೇಳಬೇಕಿತ್ತು, ಹೇಳಲಿಲ್ಲ.
ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ
"ಮೊಳೆ ಹೊಡೆದೆ ಬಿಡಿ ಮೇಡಂ, ಒಂದೇ ಒಂದು," ಅಂದಳು.

ಗುರುವಾರ. ಮೇಡಂ ಪೂರ್ತಿ ನೋಡಿದರು, ಎಲ್ಲೂ ನಿಲ್ಲಿಸದೆ.
ನಾನು ಶಹಬಾಸ್‌ಗಿರಿಗೆ ಕಾದು ಕೂತೆ,
ತುಂಬಿದ ಲೋಟ ಹಿಡಿದ ಏಳು ವರ್ಷದವಳ ಹಾಗೆ.
ಅವರು ವಿಡಿಯೊ ಹಿಂದಕ್ಕೆ ಎಳೆದರು.
"ನಲವತ್ತೊಂದನೇ ನಿಮಿಷ.
ಬಿಟ್ಟು ಹೋಗ್ತೀರಲ್ಲ ಅಂದಾಗ
ನಕ್ಕೆಯಲ್ಲ, ಯಾಕೆ?"